ನಲವತ್ತು ನಿಮಿಷಕ್ಕೊಂದು ಒಬ್ಬೆ

ಆ ಬೇಕರಿಯಲ್ಲಿ ಬೆಳಗಿನ ಆರಕ್ಕೆ ಸರಿಯಾಗಿ ಮೊದಲನೆಯ ಒಬ್ಬೆ, ಎಂದರೆ ಒಲೆ ಒಂದು ಸಲಕ್ಕೆ ಹಿಡಿಯುವಷ್ಟು ಬ್ರೆಡ್ಡು, ಹೊರಬೀಳುತ್ತಿತ್ತು. ಆಮೇಲೆ ಸಂಜೆ ಆರರವರೆಗೂ ನಲವತ್ತು ನಿಮಿಷಕ್ಕೊಂದು ಒಬ್ಬೆ. ಅದು ಮಾವ ಹಾಕಿಕೊಟ್ಟ ಕಟ್ಟಳೆ. ಮಾವ ಹೋಗಿ ಒಂಬತ್ತು ವರ್ಷವಾಗಿದ್ದರೂ ಒಲೆ ಅವರ ಮಾತು ಮೀರಿರಲಿಲ್ಲ. ಪ್ರತಿ ಒಬ್ಬೆಯೂ ಬಿಸಿ ಆರುವ ಮೊದಲೇ ಖಾಲಿಯಾಗುತ್ತಿದ್ದುದರಿಂದ, ಜನ ಮನೆ ಬಿಡುವ ಮುಂಚೆ ಅಂಗಡಿಗೆ ಫೋನು ಮಾಡಿ ಇನ್ನೆಷ್ಟು ಹೊತ್ತು ಎಂದು ಕೇಳುತ್ತಿದ್ದರು. ಉತ್ತರ ಹೇಳುವುದು ದೊಡ್ಡ ಸೊಸೆಯ ಪಾಲಿನ ಕೆಲಸ.

ಹದಿನಾಲ್ಕು ವರ್ಷದಿಂದ ಅವಳು ಆ ಕೆಲಸ ಮಾಡಿಕೊಂಡು ಬಂದಿದ್ದಳು. ಗಲ್ಲಾದ ಪಕ್ಕದಲ್ಲಿ ಕಪ್ಪು ಫೋನು, ಎದುರು ಗೋಡೆಗೆ ದುಂಡನೆಯ ಗಡಿಯಾರ, ನಡುವೆ ಅವಳು. ಫೋನು ಬಂದರೆ ಒಮ್ಮೆ ಗಡಿಯಾರದ ಕಡೆ ಕಣ್ಣು ಹಾಯಿಸಿ, "ಹನ್ನೊಂದು ನಿಮಿಷ, ನಿಧಾನವಾಗಿ ಬನ್ನಿ" ಎನ್ನುವಳು. ಹಾಗೆ ಹೇಳುವಾಗ ಪಕ್ಕದ ಬೀದಿಯ ಮೀಸೆ ಟೈಲರ ಮೊಮ್ಮಗುವಿನ ಕೆಮ್ಮು, ಒಬ್ಬರ ಮಗಳ ಪರೀಕ್ಷೆ, ಇನ್ನೊಬ್ಬರ ಸೊಂಟನೋವು ಎಲ್ಲವೂ ವಿಚಾರಣೆಗೆ ಬರುತ್ತಿದ್ದವು. ಅಂಗಡಿಯ ಬೋರ್ಡಿನ ಮೇಲೆ ಮಾವನ ಹೆಸರಿತ್ತು, ಒಲೆಯ ಮುಂದೆ ಗಂಡನ ಕೈಯಿತ್ತು, ಆದರೆ ಅಂಗಡಿಯ ದನಿ ಯಾವುದು ಎಂದು ಕೇಳಿದರೆ ಬೀದಿಯವರೆಲ್ಲ ಅವಳ ಕಡೆಗೇ ಬೆರಳು ತೋರುತ್ತಿದ್ದರು. ಬೆಳಿಗ್ಗೆ ಒಲೆ ತೆಗೆಯುವ ಮುಂಚೆ ಅವಳು ಕಣ್ಣು ಮುಚ್ಚಿ ದೇವರಿಗೆ ಹೇಳಿಕೊಳ್ಳುತ್ತಿದ್ದುದೂ ಇಷ್ಟೇ: ಇದ್ದುದು ಇದ್ದ ಹಾಗೆ ಇರಲಿ.

ಆದರೆ ಮೈದುನನ ಮದುವೆಯಾಯಿತು. ಮನೆಗೆ ಚಿಕ್ಕ ಸೊಸೆ ಬಂದಳು.

ಮಾತು ಕಡಿಮೆ, ಓದು ಹೆಚ್ಚು. ಹಿಟ್ಟಿನ ಚೀಲಗಳ ಪಕ್ಕದ ಸಣ್ಣ ಮೇಜಿನಲ್ಲಿ ಲ್ಯಾಪ್‌ಟಾಪು ತೆರೆದು ಕೂತರೆ ಮೂಗಿನ ಮೇಲೆ ಹಿಟ್ಟು ಕೂತರೂ ಗೊತ್ತಾಗುತ್ತಿರಲಿಲ್ಲ. ಬಂದ ವರ್ಷದೊಳಗೆ ಅಂಗಡಿಗೊಂದು ವೆಬ್‌ಸೈಟು ಮಾಡಿದಳು. ಅದು ಯಾರ ಹೊಟ್ಟೆಗೂ ನೋವು ತರಲಿಲ್ಲ. ಆಮೇಲೆ ಮೂರು ದಿನ ಕೂತು, ಜಾವಾಸ್ಕ್ರಿಪ್ಟಿನಲ್ಲಿ ಏನೋ ಬರೆದು, ಆ ಪುಟದ ನಡುಮಧ್ಯದಲ್ಲಿ ಒಂದು ಟೈಮರು ಕೂರಿಸಿದಳು. ಮುಂದಿನ ಒಬ್ಬೆಗೆ ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂದು ದಪ್ಪಕ್ಷರದಲ್ಲಿ ಇಳಿಯುತ್ತ ಬರುವುದು, ಸೊನ್ನೆ ಮುಟ್ಟಿದ ಕೂಡಲೇ ತಾನಾಗಿ ಮತ್ತೆ ನಲವತ್ತರಿಂದ ಶುರುವಾಗುವುದು.

ಅತ್ತೆ ಆ ಅಂಕಿಗಳನ್ನು ದೇವರ ದೀಪ ನೋಡುವ ಹಾಗೆ ನೋಡಿದರು. ಬಂದವರನ್ನೆಲ್ಲ ಕರೆದು ತೋರಿಸಿ, ನಮ್ಮ ಚಿಕ್ಕವಳು ಊರಿನವರ ಜೇಬಿಗೆಲ್ಲ ನಮ್ಮ ಒಲೆ ಇಟ್ಟುಬಿಟ್ಟಳು ಎಂದು ಹೇಳಿದರು. ದೊಡ್ಡ ಸೊಸೆ ನಗುತ್ತ ತಲೆಯಾಡಿಸಿದಳು. ಎದೆಯೊಳಗೆ ಮಾತ್ರ ಸಣ್ಣದೊಂದು ಮುಳ್ಳು ಮುರಿದುಕೊಂಡಿತು. ಹದಿನಾಲ್ಕು ವರ್ಷದಲ್ಲಿ ಅತ್ತೆ ಯಾರನ್ನೂ ಕರೆದು ಅವಳನ್ನು ತೋರಿಸಿದ್ದಿಲ್ಲ.

ಒಂದು ವಾರದಲ್ಲಿ ಫೋನು ಸದ್ದಡಗಿತು. ಕೆಟ್ಟಿದೆಯೇನೋ ಎಂದು ಅವಳು ದಿನಕ್ಕೆರಡು ಸಲ ರಿಸೀವರ್ ಎತ್ತಿ ಕಿವಿಗಿಟ್ಟು ನೋಡುತ್ತಿದ್ದಳು. ಗುಂಯ್ ಎನ್ನುತ್ತಿತ್ತು. ಸರಿಯಾಗಿದೆ ಎಂದು ತಿಳಿದಾಗ ಇನ್ನಷ್ಟು ಸಂಕಟವಾಗುತ್ತಿತ್ತು. ಮೊಮ್ಮಗುವಿನ ಕೆಮ್ಮು ವಾಸಿಯಾಯಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಬೆಳಿಗ್ಗೆ ಕಣ್ಣು ಮುಚ್ಚಿದರೆ ದೇವರ ಬದಲು ಹಿಟ್ಟು ಮೆತ್ತಿದ ಆ ಮೂಗು ಕಾಣುತ್ತಿತ್ತು. ಪ್ರಾರ್ಥನೆಯ ಅರ್ಧದಲ್ಲೇ ಮನಸ್ಸು ಚಿಕ್ಕವಳ ತಪ್ಪುಗಳನ್ನು ಎಣಿಸಲು ಕೂರುತ್ತಿತ್ತು: ಲೋಟ ತೊಳೆಯದೆ ಇಟ್ಟದ್ದು, ಅತ್ತೆ ಕರೆದಾಗ ಒಂದು ಕ್ಷಣ ತಡವಾಗಿ ಓಗೊಟ್ಟದ್ದು. ಇಂಥ ಮನಸ್ಸನ್ನು ಹೊತ್ತುಕೊಂಡು ನಿನ್ನ ಮುಂದೆ ಹೇಗೆ ನಿಲ್ಲಲಿ ಎಂದು ದೇವರನ್ನು ಕೇಳುವಳು. ಕೇಳಿದ ಮೇಲೂ ಎಣಿಕೆ ನಿಲ್ಲುತ್ತಿರಲಿಲ್ಲ.

ಎರಡನೆಯ ವಾರ ಮೀಸೆ ಟೈಲರು ಬಂದರು. ಒಬ್ಬೆ ಹೊರಬಿದ್ದು, ಖಾಲಿಯಾಗಿ, ತಟ್ಟೆಯಲ್ಲಿ ಪುಡಿ ಮಾತ್ರ ಉಳಿದಿತ್ತು. ಅವರು ಮೊಬೈಲನ್ನು ಗಲ್ಲಾದ ಮೇಲಿಟ್ಟು, ಇನ್ನೂ ಆರು ನಿಮಿಷ ಇದೆ ಅಂತ ನಿಮ್ಮದೇ ಪುಟ ಹೇಳುತ್ತಿದೆಯಲ್ಲ ತಾಯಿ, ನಾನು ಓಡೋಡಿ ಬಂದೆ ಎಂದರು. ದೊಡ್ಡ ಸೊಸೆ ಬಗ್ಗಿ ನೋಡಿದಳು. ನಿಜವೇ, ಆರು ನಿಮಿಷ. ಗೋಡೆಯ ಗಡಿಯಾರದ ಪ್ರಕಾರ ಮುಂದಿನ ಒಬ್ಬೆಗೆ ಇನ್ನೂ ಮೂವತ್ತೇಳು. ಅವಳಿಗೆ ಬಿಸಿ ಹಾಲು ಕುಡಿದಷ್ಟು ಹಿತವಾಯಿತು.

ಅಂದಿನಿಂದ ಹೀಗೆ ಬರುವವರು ಹೆಚ್ಚಿದರು. ಚಿಕ್ಕ ಸೊಸೆ ಲ್ಯಾಪ್‌ಟಾಪಿನಲ್ಲಿ ಪುಟ ತೆರೆದು ಕಣ್ಣು ಮಿಟುಕಿಸದೆ ನೋಡುತ್ತ ಕೂರುವಳು, ಟೈಮರು ಒಂದು ಸೆಕೆಂಡೂ ತಪ್ಪದೆ ಸೊನ್ನೆ ಮುಟ್ಟುವುದು. ಎಲ್ಲಿ ತಪ್ಪಾಗಿದೆಯೋ ಅವಳ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ದೊಡ್ಡ ಸೊಸೆಗೆ. ಗಲ್ಲಾದಲ್ಲಿ ನಿಂತವರ ಕಣ್ಣಿಗೆ ಬೀಳುವ ಸಂಗತಿಯೇ ಬೇರೆ. ಎದುರಿನ ಆಸ್ಪತ್ರೆಯ ನರ್ಸಮ್ಮ ಪುಟವನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಬರುವವರು, ಒಮ್ಮೆಯೂ ತಪ್ಪಿದ್ದಿಲ್ಲ. ಟೈಲರು ಪುಟ ತೆರೆದಿಟ್ಟು, ನಡುವೆ ಅಳಿಯನೊಡನೆ ಮಾತಾಡಿ, ಯಾವುದೋ ವೀಡಿಯೊ ನೋಡಿ, ಮತ್ತೆ ಪುಟಕ್ಕೆ ಬಂದವರು. ತಡವಾಗಿ ಬಂದವರನ್ನೆಲ್ಲ ಮಾತಿನ ನಡುವೆ ಕೆದಕಿದಾಗ ಎಲ್ಲರದೂ ಇದೇ ಕಥೆ. ನೋಡುತ್ತಿದ್ದರೆ ಸರಿಯಾಗಿ ಎಣಿಸುತ್ತದೆ, ಮುಖ ತಿರುಗಿಸಿದರೆ ತೂಕಡಿಸುತ್ತದೆ.

ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಅತ್ತೆಯ ತಾಳ್ಮೆ ನಾಲ್ಕನೆಯ ದಿನಕ್ಕೆ ಮುಗಿಯಿತು. ಭಾನುವಾರದೊಳಗೆ ಸರಿಯಾಗದಿದ್ದರೆ ಅದನ್ನು ತೆಗೆದುಹಾಕಿ, ಮೊದಲಿನಂತೆ ದೊಡ್ಡವಳೇ ಫೋನಿನಲ್ಲಿ ಹೇಳಲಿ ಎಂದರು. ದೊಡ್ಡ ಸೊಸೆ ಒಳಗೆ ಹೋಗಿ ಬಟ್ಟೆ ತಂದು ಕಪ್ಪು ಫೋನನ್ನು ಉಜ್ಜಿ ಉಜ್ಜಿ ಒರೆಸಿದಳು. ಇನ್ನು ಮೂರೇ ದಿನ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅತ್ತೆ ಒಳಮನೆಯಲ್ಲಿ ಅಡ್ಡಾಗಿದ್ದರು. ಚಿಕ್ಕ ಸೊಸೆ ಲ್ಯಾಪ್‌ಟಾಪು ಎತ್ತಿಕೊಂಡು ಗಲ್ಲಾದ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು.

"ಅಕ್ಕ, ನನಗೆ ಗೊತ್ತಾಗ್ತಿಲ್ಲ. ನೀವು ಇಷ್ಟು ವರ್ಷ ಫೋನಲ್ಲಿ ಹೇಳ್ತಿದ್ರಲ್ಲ, ಒಂದು ಸಲಾನೂ ತಪ್ಪಿಲ್ವಂತೆ. ಹೇಗೆ ಎಣಿಸ್ತಿದ್ರಿ?"

ಬಾಯಿಗೆ ಹಾಕಿದ ಬೀಗ ಅಲ್ಲೇ ಕಳಚಿತು. ಕಳಚಿದ್ದು ಕರುಣೆಯಿಂದಲ್ಲ. ಇಷ್ಟೆಲ್ಲ ಓದಿದವಳಿಗೆ ತಿಳಿಯದ್ದು ತನಗೆ ತಿಳಿದಿದೆ ಎಂಬ ಗರ್ವ ನಾಲ್ಕು ದಿನದಿಂದ ಅವಳ ಗಂಟಲಲ್ಲಿ ಕೂತು ಕಚಗುಳಿ ಇಡುತ್ತಿತ್ತು. ಬಚ್ಚಿಟ್ಟರೆ ಗೆಲುವು ಸಿಗುತ್ತದೆ, ಆದರೆ ಗೆದ್ದದ್ದು ಯಾರಿಗೂ ಕಾಣುವುದಿಲ್ಲ. ಅದನ್ನು ತಡೆದುಕೊಳ್ಳುವುದು ಅವಳಿಂದಾಗಲಿಲ್ಲ.

"ಎಣಿಸೋದಾ? ಎಣಿಸೋದಕ್ಕೆ ನಾನೇನು ಕಣ್ಣಾಮುಚ್ಚಾಲೆ ಆಡ್ತಿದ್ನಾ? ಒಂದು, ಎರಡು ಅಂತ ಎಣಿಸ್ತಾ ಕೂತ್ಕೊಂಡು, ನಡುವೆ ಯಾರೋ ಮಾತಾಡಿಸಿದ್ರೆ ಲೆಕ್ಕ ತಪ್ಪಲ್ವಾ? ನಿನ್ನ ಟೈಮರಿಗೆ ಆಗಿರೋದೂ ಅದೇ. ಜನ ಆ ಕಡೆ ತಿರುಗಿದ್ರೆ ಅದು ಎಣಿಸೋದು ಬಿಟ್ಟು ನಿದ್ದೆ ಮಾಡತ್ತೆ. ಎದ್ದ ಮೇಲೆ ಬಿಟ್ಟ ಕಡೆಯಿಂದ ಎಣಿಸತ್ತೆ. ಹೊತ್ತು ಅದಕ್ಕೋಸ್ಕರ ಕಾಯ್ತಾ ನಿಂತಿರತ್ತಾ?"

ಚಿಕ್ಕವಳು ಹತ್ತಿರ ಸರಿದಳು. "ಮತ್ತೆ ನೀವು?"

"ನಾನು ಯಾವತ್ತೂ ಎಣಿಸ್ಲಿಲ್ಲ. ಕೇಳಿದಾಗೆಲ್ಲ ಗಡಿಯಾರ ನೋಡ್ದೆ. ಹಿಂದಿನ ಸಲ ಏನು ಹೇಳಿದ್ದೆ ಅಂತ ನೆನಪೂ ಇಟ್ಕೊಳ್ಳಲ್ಲ. ಪ್ರತಿ ಎರಡು ಗಂಟೆಗೆ ಮೂರು ಒಬ್ಬೆ. ಆರಕ್ಕೆ ಶುರುವಾದ್ರೆ ಎಂಟು, ಹತ್ತು, ಹನ್ನೆರಡು, ಎರಡು, ಎಲ್ಲದಕ್ಕೂ ಸರಿಯಾಗಿ ಒಂದು ಬಿದ್ದಿರತ್ತೆ. ಎರಡೂ ನಲವತ್ತಕ್ಕೆ ಇನ್ನೊಂದು. ಈಗ ಮೂರೂ ಕಾಲು. ಮೂವತ್ತೈದು ಕಳೀತು, ಉಳಿದದ್ದು ಐದು. ಅಷ್ಟೇ. ಇದಕ್ಕೆ ಕಾಲೇಜು ಬೇಕಾ?"

ಕೊನೆಯ ಮಾತನ್ನು ಅವಳು ಚುಚ್ಚಲೆಂದೇ ಹೇಳಿದ್ದಳು. ಅದು ಎಲ್ಲೂ ಚುಚ್ಚಲಿಲ್ಲ. ಚಿಕ್ಕವಳು ಅಲ್ಲೇ, ಬನ್ನಿನ ತಟ್ಟೆಗಳ ನಡುವೆ ಲ್ಯಾಪ್‌ಟಾಪು ಇಟ್ಟು, ನಿಂತುಕೊಂಡೇ ಬರೆಯತೊಡಗಿದಳು. ಬರೆಯುತ್ತ ತನಗೆ ತಾನೇ ಹೇಳಿಕೊಳ್ಳುವಂತೆ ವಿವರಿಸಿದಳು. ಅವಳು ಮೊದಲು ಬರೆದದ್ದು, ಪುಟ ತೆರೆದಾಗ ಒಮ್ಮೆ ಹೊತ್ತು ನೋಡಿ, ಆಮೇಲೆ ಪ್ರತಿ ಸೆಕೆಂಡಿಗೆ ಒಂದೊಂದು ಕಳೆಯುತ್ತ ಹೋಗು ಎಂದು. ಮರೆಗೆ ಸರಿದ ಪುಟವನ್ನು ಬ್ರೌಸರು ನಿಧಾನ ಮಾಡುತ್ತದೆ, ಕೆಲವೊಮ್ಮೆ ಮಲಗಿಸಿಯೇ ಬಿಡುತ್ತದೆ, ಕಳೆಯುವ ಕೆಲಸ ಹಿಂದೆ ಬೀಳುತ್ತದೆ. ಈಗ ಬರೆದದ್ದು, ಪ್ರತಿ ಸಲವೂ ಹೊಸದಾಗಿ ಹೊತ್ತು ಕೇಳು, ಬೆಳಗಿನ ಆರರಿಂದ ಈಚೆಗೆ ಆದ ನಿಮಿಷಗಳನ್ನು ನಲವತ್ತರಿಂದ ಭಾಗಿಸು, ಉಳಿದ ಶೇಷವನ್ನು ನಲವತ್ತರಲ್ಲಿ ಕಳೆದು ತೋರಿಸು ಎಂದು. ಬರೆದದ್ದು ಐದು ಸಾಲೂ ಇರಲಿಲ್ಲ. ಪುಟವನ್ನು ಮರೆ ಮಾಡಿ, ಬೇರೇನೋ ತೆರೆದು, ಇಬ್ಬರೂ ಗೋಡೆಯ ಗಡಿಯಾರ ನೋಡುತ್ತ ನಿಂತರು. ಎರಡು ನಿಮಿಷದ ಮೇಲೆ ಪುಟಕ್ಕೆ ಮರಳಿದಾಗ ಗೋಡೆಯೂ ಪರದೆಯೂ ಒಂದೇ ಮಾತು ಹೇಳುತ್ತಿದ್ದವು.

ಅಷ್ಟರಲ್ಲಿ ಅತ್ತೆ ಎದ್ದು ಬಂದರು. ಚಿಕ್ಕವಳು ಅವರ ಕೈ ಹಿಡಿದು, ಸರಿಹೋಯಿತು, ಇದು ಅಕ್ಕನ ಲೆಕ್ಕ, ನಾನು ಬರೆದುಕೊಂಡೆ ಅಷ್ಟೇ ಎಂದಳು. ಅತ್ತೆ ದೊಡ್ಡ ಸೊಸೆಯನ್ನು ಅಡಿಯಿಂದ ಮುಡಿವರೆಗೆ ಹೊಸಬಳನ್ನು ನೋಡಿದ ಹಾಗೆ ನೋಡಿ, ಇಷ್ಟು ದಿನ ಇದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದೆಯಾ ದೊಡ್ಡವಳೇ ಎಂದು ಬೆನ್ನು ಸವರಿ, ನೀರು ಕುಡಿಯಲು ಒಳಗೆ ಹೋದರು. ಹದಿನಾಲ್ಕು ವರ್ಷ ಕಾದ ಮಾತು ಬಂದಿತ್ತು. ಆದರೆ ಬಂದದ್ದು ಯಾರ ಕೈಯಿಂದ? ಕೊಡುವುದರಲ್ಲೂ ಇವಳೇ ದೊಡ್ಡವಳಾದಳಲ್ಲ ಎಂದು ಹಳೆಯ ಮುಳ್ಳು ಮತ್ತೊಮ್ಮೆ ಮಿಸುಕಿತು. ದೇವರೇ, ಇದಕ್ಕೆ ಕೊನೆಯೇ ಇಲ್ಲವೇ ಎಂದುಕೊಂಡಳು. ದೇವರ ಮುಂದೆ ನಿಲ್ಲುವುದಾದರೆ ಇವಳ ಮುಂದೆಯೂ ನಿಲ್ಲಬೇಕು ಎನ್ನಿಸಿತು.

"ನನಗೆ ನಾಲ್ಕು ದಿನದಿಂದ ಗೊತ್ತಿತ್ತು," ಎಂದಳು, ಗಲ್ಲಾದ ಮರವನ್ನು ನೋಡುತ್ತ. "ಬೇಕಂತಲೇ ಹೇಳ್ಲಿಲ್ಲ."

ಚಿಕ್ಕವಳು ಲ್ಯಾಪ್‌ಟಾಪು ಮುಚ್ಚಿದಳು. ಮೆಲ್ಲಗೆ ಹೇಳಿದಳು: "ನಾನು ಅದನ್ನ ಬರೆದಿದ್ದೂ ಒಳ್ಳೆ ಮನಸ್ಸಿಂದಲ್ಲ ಅಕ್ಕ. ದಿನಾ ಫೋನು ಬರೋದು, ಎಲ್ಲರೂ ನಿಮ್ಮನ್ನೇ ಕೇಳೋರು. ನಾನು ಈ ಮನೆಗೆ ಬಂದು ಒಂದು ವರ್ಷ, ನನ್ನನ್ನ ಯಾರೂ ಏನೂ ಕೇಳಿಲ್ಲ. ಆ ಫೋನು ನಿಂತ್ರೆ ಸಾಕು ಅನ್ನಿಸ್ತಿತ್ತು."

ದೊಡ್ಡ ಸೊಸೆಗೆ ಮೊದಲು ಉಕ್ಕಿದ್ದು ಮರುಕವಲ್ಲ, ಖುಷಿ. ತನ್ನನ್ನು ಕಂಡೂ ಒಬ್ಬರ ಹೊಟ್ಟೆ ಉರಿದಿತ್ತು! ಮರುಕ ಹಿಂದಿನಿಂದ ಬಂತು, ತಡವಾಗಿ, ಟೈಲರು ಬಂದ ಹಾಗೆ. ಬಂದದ್ದು ಮಾತ್ರ ಹೋಗಲಿಲ್ಲ. ಅವಳು ಸೆರಗಿನ ತುದಿಯಿಂದ ಆ ಮೂಗಿನ ಮೇಲಿನ ಹಿಟ್ಟು ಒರೆಸಿದಳು. ಒರಟಾಗಿಯೇ ಒರೆಸಿದಳು.

ಹಿಂದೆ ಗಂಡ ಒಲೆಯ ಬಾಗಿಲು ತೆಗೆದ. ಬಿಸಿ ಗಾಳಿ ಅಂಗಡಿ ತುಂಬಿತು. ಅದೇ ಗಳಿಗೆಗೆ ಕಪ್ಪು ಫೋನು ಬಡಿದುಕೊಂಡಿತು. ಪುಟದ ಮೇಲೆ ನಂಬಿಕೆ ಹೋಗಿದ್ದ ಟೈಲರೇ ಇರಬೇಕು. ಇಬ್ಬರ ಕೈಗಳೂ ಒಟ್ಟಿಗೆ ಮುಂದಾದವು, ಇಬ್ಬರದೂ ಒಟ್ಟಿಗೆ ಹಿಂದೆ ಸರಿದವು. ಫೋನು ಇನ್ನೆರಡು ಸಲ ಬಡಿದುಕೊಂಡಿತು.

"ನೀನೇ ತಗೋ," ಎಂದಳು ದೊಡ್ಡ ಸೊಸೆ. ಹೇಳುವಾಗ ಎದೆಯೊಳಗೆ ಚುಳ್ ಎಂದಿತು. "ಮೊದಲು ಗಡಿಯಾರ ನೋಡು. ಆಮೇಲೆ ಅವರ ಮೊಮ್ಮಗುವಿನ ಕೆಮ್ಮು ಹೇಗಿದೆ ಕೇಳು."