ಹಿಟ್ಟಿನ ವಾಸನೆ

ಮೊದಲ ತಿಂಗಳು ನಾಲ್ಕು ಕೆಜಿ ಇಳಿದೆ. ಆಮೇಲೆ ತೂಕದ ಮುಳ್ಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ನಾನು ಬೇಕರಿಯಲ್ಲಿ ಹಿಟ್ಟು ನಾದುವವಳು. ಐವತ್ತರ ಹತ್ತಿರ ಬಂದಿದ್ದೇನೆ. ಹಿಟ್ಟು ನಂಬಿಯೇ ಬದುಕಿದವಳಿಗೆ ಹಿಟ್ಟು ತಿನ್ನಬೇಡ ಎಂದರೆ ಹೇಗಿರುತ್ತದೆ ನೀವೇ ಹೇಳಿ. ಬ್ರೆಡ್ಡು, ಅನ್ನ, ಆಲೂಗಡ್ಡೆ, ಸಕ್ಕರೆ ಎಲ್ಲಕ್ಕೂ ದೂರದಿಂದಲೇ ಕೈಮುಗಿದು ಮೊಟ್ಟೆ, ಕೋಸು, ಅಣಬೆ, ಮೀನಿನ ಮೇಲೆ ಜೀವ ಹಿಡಿದುಕೊಂಡಿದ್ದೆ. ಕನಸಿನಲ್ಲಿ ಬರೀ ಬನ್ನು ಬರುತ್ತಿತ್ತು.

ಚೆಂದ ಕಾಣುವ ಆಸೆಗೆ ಹಿಡಿದ ಪಥ್ಯವಲ್ಲ ಇದು. ಆ ಆಸೆಯನ್ನು ಯಾವತ್ತೋ ಬಿಟ್ಟಾಗಿದೆ. ನನ್ನ ತಮ್ಮನ ಎರಡೂ ಕಿಡ್ನಿ ಕೆಟ್ಟಿದ್ದವು. ಬಸ್ ಓಡಿಸುತ್ತಿದ್ದವನು ಕೆಲಸ ಬಿಟ್ಟು, ದಿನ ಬಿಟ್ಟು ದಿನ ಆಸ್ಪತ್ರೆಯ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗುತ್ತಿದ್ದ. ಮದುವೆಯಾಗಿರಲಿಲ್ಲ, ಹಾಗಾಗಿ ನಮ್ಮ ಮನೆಗೇ ಬಂದಿದ್ದ. ಪರೀಕ್ಷೆ ಮಾಡಿಸಿದಾಗ ನನ್ನ ಕಿಡ್ನಿ ಅವನಿಗೆ ಹೊಂದುತ್ತದೆ ಎಂದು ಗೊತ್ತಾಯಿತು. ಡಾಕ್ಟರಮ್ಮ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹತ್ತು ಕೆಜಿ ಇಳಿಯದೆ ಆಪರೇಷನ್‌ಗೆ ತೆಗೆದುಕೊಳ್ಳುವುದಿಲ್ಲ ಎಂದರು. ತಮ್ಮನ ತೋಳಿನ ರಕ್ತನಾಳ ಸೋಲುತ್ತಾ ಬಂದಿದೆ, ತುಂಬ ತಡ ಮಾಡಬೇಡಿ ಎಂದೂ ಸೇರಿಸಿದರು.

ಎರಡನೆಯ ತಿಂಗಳು ಒಂದು ಗ್ರಾಮೂ ಇಳಿಯಲಿಲ್ಲ. ಮೂರನೆಯ ತಿಂಗಳು ಅರ್ಧ ಕೆಜಿ ಏರಿತು.

ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರೇನೋ. ನನಗೆ ಮೊದಲು ಕುತೂಹಲ ಬರುತ್ತದೆ, ಅಳು ಆಮೇಲೆ. ಚಿಕ್ಕವಳಿದ್ದಾಗ ಗಡಿಯಾರ ಬಿಚ್ಚಿ ಏಟು ತಿಂದ ಬುದ್ಧಿ ಇನ್ನೂ ಹೋಗಿಲ್ಲ. ತಿಂದದ್ದು ಇಷ್ಟೇ, ದುಡಿದದ್ದು ಅಷ್ಟು, ಹಾಗಾದರೆ ಈ ತೂಕ ಎಲ್ಲಿಂದ ಬರುತ್ತಿದೆ?

ಮೊದಲ ಅನುಮಾನ ತೂಕದ ಯಂತ್ರದ ಮೇಲೆ ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಅದನ್ನು ಬಚ್ಚಲಿಂದ ಪಡಸಾಲೆಗೆ, ಪಡಸಾಲೆಯಿಂದ ಮೆಟ್ಟಿಲ ಬುಡಕ್ಕೆ ಹೊತ್ತುಕೊಂಡು ಹೋಗಿ ನಿಂತು ನೋಡಿದೆ. ಎಲ್ಲ ಕಡೆಯೂ ಅದೇ ತೂಕ. ನಮ್ಮವರು ಲಾರಿಗಳನ್ನು ತೂಗುವ ತೂಕದ ಕಟ್ಟೆಯಲ್ಲಿ ಕೆಲಸ ಮಾಡುತ್ತಾರೆ. ಬೇಕಾದರೆ ಅಲ್ಲಿಗೆ ಬಾ, ಆದರೆ ನಮ್ಮ ಯಂತ್ರ ಇಪ್ಪತ್ತು ಕೆಜಿಗಿಂತ ಸಣ್ಣ ವ್ಯತ್ಯಾಸವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ನಿನಗೆ ಅದೇ ಒಳ್ಳೆಯದು ಎಂದರು. ಆ ದಿನ ನಾನು ಅವರ ಜೊತೆ ಮಾತಾಡಲಿಲ್ಲ.

ಎರಡನೆಯ ಅನುಮಾನ ನನ್ನ ಮೇಲೇ ಬಿತ್ತು. ನಾದಿದ ಹಿಟ್ಟಿನ ಪ್ರತಿ ಮುದ್ದೆಯಿಂದಲೂ ಒಂದು ಚಿವುಟು ಬಾಯಿಗೆ ಹಾಕಿ ಉಪ್ಪು ನೋಡುವುದು ನಮ್ಮ ಕೆಲಸದ ರೂಢಿ. ರುಚಿ ನೋಡುವುದನ್ನು ಯಾರೂ ತಿನ್ನುವುದು ಅನ್ನುವುದಿಲ್ಲ. ಆದರೆ ಹೊಟ್ಟೆಗೆ ಈ ವ್ಯತ್ಯಾಸ ಗೊತ್ತೇ ಎಂದು ಯೋಚನೆ ಬಂತು. ಅಂದಿನಿಂದ ಆ ಕೆಲಸವನ್ನು ಒಲೆ ನೋಡಿಕೊಳ್ಳುವವನಿಗೆ ವಹಿಸಿದೆ. ಅವನ ನಾಲಿಗೆ ಬರೀ ತಂಬಾಕಿನದು. ಒಂದು ವಾರ ಉಪ್ಪಿಲ್ಲದ ಬ್ರೆಡ್ಡು ಹೋಗಿ, ಗಿರಾಕಿಗಳು ವಾಪಸು ತಂದು, ಮಾಲೀಕರ ಬೈಗುಳ ನಮ್ಮಿಬ್ಬರ ಪಾಲಿಗೂ ಸಮನಾಗಿ ಬಂತು. ಇಷ್ಟಾದರೂ ಮುಳ್ಳು ಇದ್ದಲ್ಲೇ ಇತ್ತು.

ಮನೆಯ ಊಟದ ಮೇಲೆ ಅನುಮಾನ ಬರಲೇ ಇಲ್ಲ. ಯಾಕೆ ಬರಬೇಕು? ಎರಡನೆಯ ತಿಂಗಳಿಂದ ಅಡುಗೆ ತಮ್ಮನದು. ನೀನು ದಣಿದು ಬರುತ್ತೀಯ, ಮನೆಯಲ್ಲಿ ಕೂತು ನಾನೇನು ಮಾಡಲಿ ಎಂದು ಅವನೇ ಸೌಟು ಹಿಡಿದಿದ್ದ. ಪಥ್ಯದ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು, ಕೋಸಿನ ಸೂಪು, ಅಣಬೆಯ ಪಲ್ಯ, ಆಮ್ಲೆಟ್ಟು ಎಂದು ದಿನಕ್ಕೊಂದು ಮಾಡುತ್ತಿದ್ದ. ನಾನು ಉಂಡು ಮುಗಿಸುವವರೆಗೂ ಎದುರಿಗೆ ಕೂತಿರುತ್ತಿದ್ದ. ಇಂಥ ತಮ್ಮ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ನನಗೆ ಕಣ್ಣು ತುಂಬಿ ಬರುತ್ತಿತ್ತು.

ಅಷ್ಟರಲ್ಲಿ ಬೇಕರಿಯ ಒಲೆಯ ಒಳಗೋಡೆ ಕುಸಿಯಿತು. ಇಟ್ಟಿಗೆ ಹೊಸದಾಗಿ ಕಟ್ಟಬೇಕು, ವಾರವಿಡೀ ರಜೆ ಎಂದರು. ಇಪ್ಪತ್ತು ವರ್ಷದಲ್ಲಿ ಅಷ್ಟು ದಿನ ಹಿಟ್ಟಿನಿಂದ ದೂರ ಇದ್ದದ್ದೇ ಇಲ್ಲ. ತಲೆಗೂದಲು ಮೂರು ಸಲ ತೊಳೆದೆ, ಕೆಲಸದ ಬಟ್ಟೆಗಳನ್ನೆಲ್ಲ ಒಗೆದು ಹರವಿದೆ. ನಾಲ್ಕನೆಯ ದಿನಕ್ಕೆ ಒಂದು ವಿಚಿತ್ರ ಶುರುವಾಯಿತು. ನನಗೆ ವಾಸನೆಗಳು ಬರತೊಡಗಿದವು. ಮೆಟ್ಟಿಲ ಮೇಲಿನ ತೇವದ ವಾಸನೆ, ಪಕ್ಕದ ಮನೆಯ ಸೋಪು, ನಮ್ಮವರ ಕಾಲುಚೀಲ. ಇಷ್ಟು ವರ್ಷ ಮೂಗಿನ ತುಂಬ ಹಿಟ್ಟು ತುಂಬಿಕೊಂಡು ಬದುಕಿದ್ದೆನೇ ಎಂದು ಬೆರಗಾಗಿ, ಮಗುವಿನ ಹಾಗೆ ಮನೆಯೆಲ್ಲ ಮೂಸುತ್ತಾ ತಿರುಗಿದೆ.

ಆ ಮಧ್ಯಾಹ್ನ ತಮ್ಮ ಸೂಪಿನ ಬಟ್ಟಲು ತಂದಿಟ್ಟ. ಚಮಚ ಎತ್ತಿದೆ. ಕೋಸಿನ ವಾಸನೆ ಬಂತು, ಮೆಣಸಿನದು ಬಂತು, ಅದರ ಹಿಂದೆಯೇ ಬೆಣ್ಣೆಯಲ್ಲಿ ಹುರಿದ ಮೈದಾಹಿಟ್ಟಿನ ವಾಸನೆಯೂ ಬಂತು. ಜಗತ್ತಿನಲ್ಲಿ ನಾನು ಎಂದೂ ತಪ್ಪದೆ ಗುರುತಿಸುವ ವಾಸನೆ ಒಂದಿದ್ದರೆ ಅದು ಅದೇ. ಚಮಚ ಕೆಳಗಿಟ್ಟು, ಹೊಟ್ಟೆ ಸರಿಯಿಲ್ಲ ಎಂದೆ. ಅವನು ಡಯಾಲಿಸಿಸ್‌ಗೆ ಹೊರಟ.

ಮೂಗು ಮೋಸ ಮಾಡಿರಬಹುದು. ಔಷಧಿ ಪೆಟ್ಟಿಗೆಯಲ್ಲಿ ಗಾಯಕ್ಕೆ ಹಚ್ಚುವ ಅಯೋಡಿನ್ ಇತ್ತು. ಪಿಷ್ಟ ಇದ್ದರೆ ನೀಲಿಯಾಗುತ್ತದೆ ಎಂದು ಶಾಲೆಯಲ್ಲಿ ಮಾಡಿಸಿದ ಪಾಠವೊಂದು ಹೇಗೋ ತಲೆಯಲ್ಲಿ ಉಳಿದಿತ್ತು. ಮೊದಲು ಹಸಿ ಕೋಸಿನ ಮೇಲೆ ಒಂದು ತೊಟ್ಟು ಬಿಟ್ಟೆ. ಕಂದು ಬಣ್ಣದಲ್ಲೇ ಉಳಿಯಿತು. ಆರಿದ ಸೂಪಿಗೆ ಬಿಟ್ಟೆ. ಶಾಯಿ ಚೆಲ್ಲಿದ ಹಾಗೆ ನೀಲಿಗಟ್ಟಿತು. ಫ್ರಿಜ್ಜಿನಲ್ಲಿ ಉಳಿದಿದ್ದ ಆಮ್ಲೆಟ್ಟು ತೆಗೆದೆ, ಅದೂ ನೀಲಿ. ಅಣಬೆಯ ಪಲ್ಯದ ರಸವೂ ನೀಲಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಯಾಕೆ ಎನ್ನುವುದು ಮಾತ್ರ ಅಯೋಡಿನ್‌ಗೆ ಗೊತ್ತಿರಲಿಲ್ಲ.

ಸಂಜೆ ಅವನು ತೋಳಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದಾಗ ಬಟ್ಟಲುಗಳು ಅಡುಗೆಮನೆಯ ಮೇಜಿನ ಮೇಲೇ ಇದ್ದವು. ನೋಡಿದ. ನನ್ನನ್ನೂ ನೋಡಿದ. ಕುರ್ಚಿ ಎಳೆದುಕೊಂಡು ಕೂತ.

"ಎಲ್ಲದಕ್ಕೂ ಹಾಕ್ತಿದ್ಯಾ?" ಎಂದು ಕೇಳಿದೆ.

"ಮೊಸರಿಗೆ ಹಾಕಿಲ್ಲ," ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಬೈದೆ. ನಾನು ಯಾರಿಗೋಸ್ಕರ ಬಾಯಿ ಕಟ್ಟಿ ಸಾಯುತ್ತಿದ್ದೇನೆ, ಆ ತೋಳು ಇನ್ನೆಷ್ಟು ದಿನ ತಡೆಯುತ್ತದೆ, ನಿನಗೇನು ತಲೆ ಕೆಟ್ಟಿದೆಯಾ ಎಂದೆ. ಆಪರೇಷನ್ ಮಾಡುವಾಗ ನನಗೆ ಏನಾದರೂ ಆಗುತ್ತದೆ ಎಂಬ ಭಯವಾ ಎಂದೂ ಕೇಳಿದೆ. ಅದು ಸ್ವಲ್ಪ ಇದೆ, ಆದರೆ ಅದಲ್ಲ ಎಂದ. ಮೇಜಿನ ಅಂಚು ಉಜ್ಜತೊಡಗಿದ.

"ಅಕ್ಕ, ಈಗಲೇ ನಾನು ಅರ್ಧ ಜಗಳ ನುಂಗ್ಕೋತೀನಿ. ನಿನ್ನ ಮನೆ, ನಿನ್ನ ಅನ್ನ. ನಿನ್ನ ಕಿಡ್ನಿನೂ ತಗೊಂಡ್ಮೇಲೆ ಸಾಯೋವರೆಗೂ ನಿನ್ನೆದುರು ಒಂದು ಮಾತಾಡೋಕಾಗಲ್ಲ. ನೀನು ತಪ್ಪು ಹೇಳಿದ್ರೂ ಹೂಂ ಅನ್ಬೇಕು."

"ಹಾಗಂತ ನಾನು ಹೇಳಿದ್ನಾ?"

"ನೀನು ನನ್ನ ಏನೂ ಕೇಳ್ಲೇ ಇಲ್ಲ. ಡಾಕ್ಟರ್‌ಗೆ ಹೇಳ್ದೆ, ಭಾವನಿಗೆ ಹೇಳ್ದೆ, ಬೇಕರಿಗೆಲ್ಲ ಹೇಳ್ದೆ. ನಿನಗೆ ಬೇಕೇನೋ ಅಂತ ನನ್ನ ಕೇಳ್ಲಿಲ್ಲ."

ಹೌದು. ತೂಕದ ಯಂತ್ರವನ್ನು ಕೇಳಿದ್ದೆ, ಕೋಸನ್ನು ಕೇಳಿದ್ದೆ, ಇವನನ್ನು ಕೇಳಿರಲಿಲ್ಲ. ಕೊಡುವವಳು ನಾನಾದ್ದರಿಂದ ಮಾತೂ ನನ್ನದೇ ಎಂದುಕೊಂಡಿದ್ದೆ. ಸಿಟ್ಟು ಇಳಿದು ನಾಚಿಕೆಯಾಯಿತು.

"ಈಗ ಕೇಳ್ತೀನಿ. ಬೇಕಾ?"

ತಮ್ಮ ಬ್ಯಾಂಡೇಜಿನ ಮೇಲೆ ಕೈಯಿಟ್ಟುಕೊಂಡ.

"ಬೇಕು. ತುಂಬಾ ಬೇಕು ಅಕ್ಕ. ಎಷ್ಟು ಬೇಕು ಅಂತ ಹೇಳೋಕೆ ನಾಚಿಕೆ ಆಗತ್ತೆ."

"ಹಾಗಾದ್ರೆ ನೀನೇ ಕೇಳು."

ಅವನು ತಲೆ ಎತ್ತಿ ನನ್ನ ಕಣ್ಣು ನೋಡಿ ಕೇಳಿದ: "ನಿನ್ನ ಕಿಡ್ನಿ ನನಗೆ ಕೊಡ್ತೀಯಾ?"

ಕೊಡುತ್ತೇನೆ, ಕೊಡುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳಿಗೆ ಭಯ ಆದದ್ದು ಅದೇ ಮೊದಲು. ಕತ್ತರಿ, ಹೊಲಿಗೆ, ಒಂದೇ ಕಿಡ್ನಿಯಲ್ಲಿ ಕಳೆಯಬೇಕಾದ ಮುಂದಿನ ವರ್ಷಗಳು, ಎಲ್ಲ ಒಟ್ಟಿಗೆ ಕಂಡವು. ಅವನು ಅವಸರ ಮಾಡಲಿಲ್ಲ. ನನ್ನ ಮುಖದ ಮೇಲೆ ಬಂದ ಭಯವನ್ನು ಪೂರ್ತಿ ನೋಡಿದ, ಕಣ್ಣು ತಪ್ಪಿಸಲಿಲ್ಲ.

"ಕೊಡ್ತೀನಿ," ಎಂದೆ. ದನಿ ಸಣ್ಣಗಿತ್ತು. "ನಾಳೆಯಿಂದ ನನ್ನ ಅಡುಗೆ ನಾನೇ ಮಾಡ್ಕೋತೀನಿ."

"ನಿನ್ನ ಅಡುಗೆ ನಾಯಿನೂ ಮೂಸಲ್ಲ," ಎಂದ ತಮ್ಮ. ಬೇಕೆಂದೇ ಸ್ವಲ್ಪ ದನಿಯೇರಿಸಿ, ಮೊದಲಿಂದಲೂ ಹಾಗೇ ಎಂದೂ ಸೇರಿಸಿದ.

ನಾನು ಬಿಡಲಿಲ್ಲ, ಜಗಳಕ್ಕೆ ನಿಂತೆ. ಅವನೂ ಬಿಡಲಿಲ್ಲ. ನಮ್ಮವರು ಕೆಲಸದಿಂದ ಬಂದು ಬಾಗಿಲು ತಟ್ಟಿದ್ದು ಇಬ್ಬರಿಗೂ ಕೇಳಿಸಲಿಲ್ಲ.