ಸುಷ್ಮಾ ಯಾಕೆ ಕೆಲಸಕ್ಕೆ ಹೋಗಲಿಲ್ಲ

ಮನೆ ಮುಂದೆ ಬೈಕು ನಿಂತ ಸದ್ದು ಕೇಳಿದ್ದೇ ತಡ, ಸುಷ್ಮಾ ಅಡುಗೆಮನೆಗೆ ಓಡಿ ಒಳಗಿಂದ ಚಿಲಕ ಹಾಕಿಕೊಂಡಳು.

ಅವಳ ತಾಯಿ, ಗುತ್ತೂರಿನ ಗಿರಿಯಮ್ಮನಿಗೆ ಏನೂ ತಿಳಿಯಲಿಲ್ಲ. ಡಿಗ್ರಿ ಮುಗಿಸಿದ ಮಗಳು ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ವಾರದಿಂದ ತಲೆನೋವೆಂದು ಮನೆಯಲ್ಲೇ ಕೂತಿದ್ದಳು. ಈಗ ಬಂದವನು ಆ ಅಂಗಡಿಯ ಮ್ಯಾನೇಜರ್ ಕಾಂತರಾಜ್.

"ಏನ್ರಿ ಅಮ್ಮಾ, ಸುಷ್ಮಾ ಬರ್ತಾನೇ ಇಲ್ಲ? ನನ್ ಮಾತು ಕೇಳ್ಕಂಡಿದ್ರೆ ಚೆನ್ನಾಗಿರ್ತಾಳೆ. ಇಲ್ಲಾಂದ್ರೆ ಊರಾಗೆ ನಾಕು ಜನ ನಾಕು ತರ ಮಾತಾಡ್ತಾರೆ ನೋಡ್ರಿ," ಎಂದು ನಕ್ಕ.

ಆ ನಗು ಗಿರಿಯಮ್ಮನಿಗೆ ಸರಿ ಕಾಣಲಿಲ್ಲ. ಅವನು ಹೋದ ಮೇಲೂ ಅಡುಗೆಮನೆಯ ಬಾಗಿಲು ತೆರೆಯಲಿಲ್ಲ.

"ನಾನೊಬ್ಳೇ ಇದೀನಿ, ತೆಗಿಯವ್ವಾ."

ಬಹಳ ಹೊತ್ತಿನ ಮೇಲೆ ಸುಷ್ಮಾ ಹೊರಬಂದಳು.

"ಅವ್ವಾ, ಸರಕಿಡೋ ರೂಮಿಗೆ ಕರೆದು ಮೈ ಮುಟ್ತಾನೆ. ಬ್ಯಾಡ ಅಂದ್ರೆ, ನೀನು ಕೆಟ್ಟೋಳು ಅಂತ ಹಬ್ಬಿಸ್ತೀನಿ ಅಂತಾನೆ. ಫೋನಿಗೂ ಹೊಲಸು ಮೆಸೇಜು."

ಸಂಜೆ ವಿಷಯ ಕೇಳಿದ ಗಿರಿಯಮ್ಮನ ಗಂಡ ಭರಮಣ್ಣ ಸಿಡಿದ. "ಬಾಯಿ ಮುಚ್ಕಂಡಿರ್ರಿ ಇಬ್ರೂ! ಮದುವೆ ಆಗೋ ಹುಡುಗಿ. ಇವಳೇ ನಕ್ಕು ಮಾತಾಡಿರ್ತಾಳೆ. ಕೆಲಸ ಬಿಡ್ಸಿದ್ರೆ ಆತು."

ಕೂಗಾಟ ಕೇಳಿ ಪಕ್ಕದ ಮನೆಯ ಸುಗ್ರಾಬಿ ಬಂದಳು. ಅವಳು ಮಹಿಳಾ ಸಂಘದ ಪ್ರತಿನಿಧಿ. ಗಿರಿಯಮ್ಮ ಮಗಳ ಮುಖ ನೋಡಿದಳು. ಮಗಳು ಹೂಂ ಎಂದ ಮೇಲೆ ಎಲ್ಲವನ್ನೂ ಹೇಳಿದಳು.

"ಅಣ್ಣಾ, ಕಳ್ಳ ನುಗ್ಗಿದ್ರೆ ಮನೆಯೋರು ನಾಚ್ಕಬೇಕಾ?" ಎಂದಳು ಸುಗ್ರಾಬಿ.

"ದೂರು ಕೊಟ್ರೆ ಅವ್ನು ಸುಮ್ನೆ ಬಿಡ್ತಾನಾ? ಜನ ಏನಂತಾರೆ?" ಎಂದಳು ಗಿರಿಯಮ್ಮ.

"ಸುಮ್ನಿದ್ರೆ ಬಿಡ್ತಾನಾ ಅಕ್ಕಾ? ಇವತ್ತು ಮನೆ ಬಾಗಿಲಿಗೇ ಬಂದಾನೆ. ಹತ್ತು ಜನಕ್ಕಿಂತ ಕಮ್ಮಿ ಕೆಲಸದೋರು ಇರೋ ಅಂಗಡಿ ಆದ್ರೂ ದೂರು ಕೇಳಾಕೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಐತೆ. ಹೆಸರು ಗುಟ್ಟಾಗಿ ಇಡ್ತಾರೆ. ಸುಷ್ಮಾ, ಆ ಮೆಸೇಜು ಅಳಿಸಬ್ಯಾಡ."

ಭರಮಣ್ಣ ಮಗಳತ್ತ ತಿರುಗಿದ. ಅವಳು ಗೋಡೆಗೆ ಒತ್ತಿಕೊಂಡಳು. ಅವನ ದನಿ ಇಳಿಯಿತು.

"ನನಗೂ ಹೆದರ್ತೀಯಾ ಮಗಾ?... ನಡಿ, ನಾನೇ ಜತಿಗೆ ಬರ್ತೀನಿ."

ಸ್ಥಳೀಯ ಸಮಿತಿಗೆ ಕೊಡುವ ದೂರಿಗೆ ಸುಷ್ಮಾ ಸಹಿ ಹಾಕಿದಳು. ಕಾಂತರಾಜ್ ಹಬ್ಬಿಸಿದ ಮಾತಿನಿಂದ ಓಣಿಯಲ್ಲಿ ಪಿಸುಮಾತು ಎದ್ದಿತು. ಗಿರಿಯಮ್ಮ ನಲ್ಲಿ ನೀರಿಗೆ ಹೋಗಲೂ ಅಂಜಿದಳು. ಆದರೆ ವಿಚಾರಣೆಯಲ್ಲಿ ಅಂಗಡಿಯ ಇನ್ನಿಬ್ಬರು ಹುಡುಗಿಯರೂ ಬಾಯಿಬಿಟ್ಟರು. ಕಾಂತರಾಜನ ಕೆಲಸ ಹೋಯಿತು, ಪೊಲೀಸ್ ಕೇಸೂ ಆಯಿತು. ಸುಷ್ಮಾ ಈಗ ಹರಿಹರದಲ್ಲಿ ಬೇರೆ ಕೆಲಸಕ್ಕೆ ಹೋಗುತ್ತಾಳೆ.

ಆಗ ಎಲ್ಲರಿಗಿಂತ ಹೆಚ್ಚು ಆಡಿಕೊಂಡಿದ್ದ ಓಣಿಯ ಕಮಲಕ್ಕ ಮೊನ್ನೆ ತನ್ನ ಮಗಳ ಕೈ ಹಿಡಿದು ಗಿರಿಯಮ್ಮನ ಮನೆಗೆ ಬಂದಳು. "ನಮ್ ಹುಡುಗಿನೂ ಏನೋ ಹೇಳ್ಬೇಕಂತೆ..." ಎಂದವಳೇ ಅತ್ತಳು. ಗಿರಿಯಮ್ಮ ಚಾಪೆ ಹಾಸಿದಳು. "ಕೂಡ್ರಿ. ಹೇಳವ್ವಾ, ಹೆದರಬ್ಯಾಡ."

ಅಕ್ಕಂದಿರೇ, ಅಣ್ಣಂದಿರೇ, ಹೆಣ್ಣುಮಗಳು ಹೀಗೆ ಬಂದು ಹೇಳಿಕೊಂಡರೆ "ನೀನೇನು ಮಾಡಿದೆ" ಎನ್ನಬೇಡಿ. ಮೊದಲು ನಂಬಿ. ಕೆಲಸದ ಜಾಗದಲ್ಲಿ ನಡೆದಿದ್ದರೆ ಮೂರು ತಿಂಗಳೊಳಗೆ ದೂರು ಕೊಡಿಸಿ. ದಾರಿ ತಿಳಿಯದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ, ಅಪಾಯ ಎದುರಾದರೆ 112ಕ್ಕೆ ಫೋನ್ ಮಾಡಿ. ತಲೆ ತಗ್ಗಿಸಬೇಕಾದವರು ತಪ್ಪು ಮಾಡಿದವರು, ನಿಮ್ಮ ಮಗಳಲ್ಲ.