ಒಂಬತ್ತನೇ ಅಧ್ಯಾಯ

ಹನ್ನೆರಡು ವರ್ಷಗಳಿಂದ ನಾನು ನಮ್ಮ ಕ್ರೈಸ್ತ ಸಭೆಯ ಮಾಸಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದೇನೆ. ಸವಣೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಬೈಬಲ್ ಬಲ್ಲವಳು, ಹೀಗಾಗಿ ದೈವಶಾಸ್ತ್ರದ ಯಾವ ಪುಸ್ತಕ ಅಚ್ಚಾದರೂ ಸಂಪಾದಕರು ನನಗೇ ಕಳಿಸುತ್ತಾರೆ. ಗೈಡ್ ನೋಡಿ ಉತ್ತರ ಬರೆದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸುವ ನಾನು ಪುಸ್ತಕ ಓದುತ್ತಿದ್ದದ್ದು ಹೀಗೆ: ಮುನ್ನುಡಿ, ಪರಿವಿಡಿ, ಮೊದಲ ಐದಾರು ಅಧ್ಯಾಯ, ಕೊನೆಯ ಪುಟ. ಅಷ್ಟಾದರೆ ಮುಕ್ಕಾಲು ಪುಟ ಬರೆದು ಅಂಚೆಗೆ ಹಾಕುತ್ತಿದ್ದೆ. ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಿಡಿದಿರಲಿಲ್ಲ.

ಆ ಶನಿವಾರ ಶಾಲೆ ಬಿಟ್ಟು ಗೇಟಿಗೆ ಬರುವಷ್ಟರಲ್ಲಿ ತಿಳವಳ್ಳಿಯಿಂದ ಹಾಲೇಶನ ಫೋನು ಬಂತು. ಹಾಲೇಶ ನನ್ನ ದೊಡ್ಡವ್ವ ಶಾರವ್ವನ ಮಗ, ಗೂಡ್ಸ್ ಆಟೋ ಓಡಿಸುತ್ತಾನೆ.

"ಅಕ್ಕಾ, ಅವ್ವ ನಾಕ ದಿನದಿಂದ ಸಕ್ಕರಿ ಇಂಜೆಕ್ಷನ್ ಬಿಟ್ಟಾಳ. ನಂಗೂ ಇವತ್ತ ಗೊತ್ತಾತು. ದವಾಖಾನಿಗೆ ನಡಿ ಅಂದ್ರ ಒಲ್ಲೆ ಅಂತಾಳ."

"ಯಾಕ? ಯಾರು ಬಿಡು ಅಂದ್ರು?"

"ನೀ ಬರದಿಯಲ್ಲಾ, ಆ ನೀಲಿ ಪುಸ್ತಕದ ಮ್ಯಾಲ. ಅದರಾಗ ಹಂಗ ಐತಂತ. ಒಂಬತ್ತನೇ ಅಧ್ಯಾಯದಾಗ."

ನೀಲಿ ರಟ್ಟಿನ ಆ ಪುಸ್ತಕವನ್ನು ನಾನು ಓದಿದ್ದು ಆರನೇ ಅಧ್ಯಾಯದವರೆಗೆ ಮಾತ್ರ. ಒಡಂಬಡಿಕೆ, ಪಾಪ, ಕೃಪೆ ಕುರಿತು ತಿಳಿಗನ್ನಡದಲ್ಲಿ ಒಪ್ಪವಾಗಿ ಬರೆದಿದ್ದರು. "ಪ್ರತಿ ಪುಟವೂ ಬೈಬಲಿಗೆ ನಿಷ್ಠವಾಗಿದೆ, ವಿಶ್ವಾಸಿಗಳು ನಿಶ್ಚಿಂತೆಯಿಂದ ಓದಿ ಅದರಂತೆ ನಡೆಯಬಹುದು" ಎಂದು ಬರೆದೆ. ಪ್ರತಿ ಪುಟ ಎನ್ನುವಾಗ ನನ್ನ ಪೆನ್ನು ಒಂದು ಕ್ಷಣವೂ ನಿಂತಿರಲಿಲ್ಲ.

ಮನೆಗೆ ಓಡಿ ಪುಸ್ತಕ ತೆಗೆದುಕೊಂಡು ಹಾನಗಲ್ ಬಸ್ಸು ಹತ್ತಿದೆ. ಏಳನೇ ಅಧ್ಯಾಯದಿಂದಾಚೆ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸುತ್ತಾ ಒಂಬತ್ತಕ್ಕೆ ಬಂದೆ. ಔಷಧಿ ಹಿಡಿದ ಕೈ ದೇವರ ಕೈಯನ್ನು ಅರ್ಧಕ್ಕೆ ಬಿಟ್ಟ ಕೈಯಂತೆ. ನಿಜವಾದ ನಂಬಿಕೆಯುಳ್ಳವನು ಏಳು ದಿನ ಗುಳಿಗೆ, ಸೂಜಿ ಬಿಟ್ಟು ದೇವರನ್ನು ಪರೀಕ್ಷೆಗೆ ಕರೆಯಬೇಕಂತೆ. ನಡುವೆ ಸಂಕಟವಾದರೆ ಅದು ಸೈತಾನನ ಹೆದರಿಕೆಯಂತೆ, ಮಣಿಯಬಾರದಂತೆ. ಹದಿನೆಂಟು ಪುಟ ಹೀಗೇ ಇತ್ತು. ಇದನ್ನು ಬರೆದವನ ಮೇಲೆ ಬಂದ ಸಿಟ್ಟು ಬಂಕಾಪುರ ದಾಟುವಷ್ಟರಲ್ಲಿ ನನ್ನ ಮೇಲೇ ತಿರುಗಿತು. ಅವನೇನೋ ಬರೆದ. ಓದಿ ಎಂದು ಊರಿಗೆಲ್ಲ ಹೇಳಿದವಳು ನಾನು.

ಪಕ್ಕದಲ್ಲಿ ವೀಳ್ಯದೆಲೆಯ ಪೆಂಡಿ ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸು ನನ್ನ ಮುಖ ನೋಡಿ, "ಯಾಕ್ರಿ ಅಕ್ಕಾರ, ಭಾಳ ಬೆವರಾಕತ್ತೀರಿ, ನೀರ ಕುಡೀರಿ" ಎಂದು ಬಾಟಲಿ ಕೊಟ್ಟಳು. ಒಂದು ಗುಟುಕು ಕುಡಿದು ಬಾಟಲಿ ಹಿಂದೆ ಕೊಟ್ಟೆ. ನಾಲ್ಕು ದಿನ ಆಗಿತ್ತು. ದೊಡ್ಡವ್ವ ಹಿಡಿದ ಹಟ ಬಿಡುವವಳಲ್ಲ, ಇನ್ನೂ ಮೂರು ದಿನ ಪೂರೈಸಿಯೇ ತೀರುತ್ತಾಳೆ. ಅಷ್ಟರೊಳಗೆ ಆಕೆ ಸತ್ತರೆ ಕೊಂದವಳು ನಾನೇ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ನಾನು ತಿಳವಳ್ಳಿ ಮುಟ್ಟಿದಾಗ ದೊಡ್ಡವ್ವ ಗೋಡೆಗೆ ಒರಗಿ ಕುಳಿತು ತಂಬಿಗೆಯ ನೀರು ಗಟಗಟ ಕುಡಿಯುತ್ತಿದ್ದಳು. ಕಣ್ಣು ಗುಳಿಬಿದ್ದಿದ್ದವು, ತುಟಿ ಒಣಗಿ ಬಿರಿದಿದ್ದವು. ಪಕ್ಕದ ಮನೆಯ ಗುತ್ತೆವ್ವ ಬೆನ್ನು ನೀವುತ್ತಿದ್ದಳು. ಹಾಲೇಶ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುವ ಯಂತ್ರ ಹಿಡಿದ. ಅಂಕಿ ಬರಲಿಲ್ಲ. ಅಳತೆ ಮೀರಿದಾಗ ಬರುವ "ಹೈ" ಎಂಬುದಷ್ಟೇ ಬಂತು.

"ಬಾ ವಾ ರಾಜಿ. ಇನ್ನ ಮೂರ ದಿನ ಅಷ್ಟ," ಎಂದಳು ದೊಡ್ಡವ್ವ. ಮಾತು ತೊದಲುತ್ತಿತ್ತು.

"ದೊಡ್ಡವ್ವಾ, ಏಳು. ಈಗಿಂದೀಗ ಹಾನಗಲ್ಲಿಗೆ ಹೋಗೂಣು. ಆ ಅಧ್ಯಾಯ ತಪ್ಪೈತಿ."

"ತಪ್ಪಿದ್ರ ಹಂಗಂತ ಬರೀಬೇಕಾಗಿತ್ತು. ಪ್ರತಿ ಪುಟಾ ಅಂತ ಬರದಿ. ಗುರುವಾರದ ಪ್ರಾರ್ಥನಾಕ ಎಲ್ಲಾರ ಮುಂದ ನಾನ ಓದಿ ಹೇಳೇನಿ."

"ಅದು... ಅಚ್ಚಿನಾಗ ತಪ್ಪಾಗೇತಿ."

ಆ ಸ್ಥಿತಿಯಲ್ಲೂ ಆಕೆ ನಕ್ಕಳು. "ಹದಿನೆಂಟ ಪುಟ ಅಚ್ಚಿನ ತಪ್ಪ? ನೀ ಅಂಜಾಕತ್ತಿ ರಾಜಿ. ಅಂಜಿಕಿ ಬರತೈತಿ, ಮಣೀಬಾರ್ದು ಅಂತ ಅದರಾಗ ಬರದೈತಿ. ನೀನೂ ಓದಿಯಲ್ಲಾ."

ಹನ್ನೆರಡು ವರ್ಷ ಕಟ್ಟಿಕೊಂಡ ಹೆಸರು ಆ ಕೋಣೆಯಲ್ಲಿ ನನ್ನ ಎದುರಿಗೇ ಕುಳಿತಿತ್ತು. ಗುತ್ತೆವ್ವ ಕೇಳುತ್ತಾಳೆ, ನಾಳೆ ಇಡೀ ಸಭೆಗೆ ಗೊತ್ತಾಗುತ್ತದೆ ಎಂದು ಆ ಹೊತ್ತಿನಲ್ಲೂ ನನಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ದೊಡ್ಡವ್ವನ ಕೈಯಿಂದ ತಂಬಿಗೆ ಜಾರಿ ನೆಲಕ್ಕೆ ಬಿತ್ತು.

"ನಾ ಓದಿಲ್ಲ ದೊಡ್ಡವ್ವಾ," ಎಂದೆ. "ಆರನೇ ಅಧ್ಯಾಯಕ್ಕ ಪುಸ್ತಕ ಮುಚ್ಚೇನಿ. ಓದಲಾರದನ ಬರದೇನಿ. ಇದೊಂದ ಅಲ್ಲ, ಯಾವ ಪುಸ್ತಕಾನೂ ಪೂರಾ ಓದಿಲ್ಲ."

ಗುತ್ತೆವ್ವನ ಕೈ ನಿಂತಿತು. ದೊಡ್ಡವ್ವ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು.

"ಓದಲಾರದ ಬರದಿ?"

"ಹೂಂ."

ಆಕೆ ಕಣ್ಣು ಮುಚ್ಚಿದಳು. "ಹಾಲೇಶಾ, ಗಾಡಿ ತಗಿ," ಎಂದಳು.

ಹಾನಗಲ್ಲಿಗೆ ಹೋಗುವಾಗ ಆಟೋದ ಹಿಂದೆ ಚಾಪೆಯ ಮೇಲೆ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ನಾನು ಆಕೆಯ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಲೇ ಇದ್ದೆ. ನಾಳೆ ತಂದಿದ್ದರೆ ಏನೂ ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರು ಬೈದರು. ಸಲಾಯಿನ್ ಹಚ್ಚಿ, ಇನ್ಸುಲಿನ್ ಕೊಟ್ಟು ಮೂರು ತಾಸಾದ ಮೇಲೆ ಸಕ್ಕರೆ ಇಳಿಯತೊಡಗಿತು.

ಹೊರಗೆ ಬಂದು ಸಂಪಾದಕರಿಗೆ ಫೋನು ಮಾಡಿದೆ. ಬರುವ ತಿಂಗಳು ತಿದ್ದುಪಡಿ ಹಾಕೋಣ ಎಂದರು. ಬರುವ ತಿಂಗಳಲ್ಲ, ಈಗಲೇ ಶಿಗ್ಗಾವಿ, ಹಿರೇಕೆರೂರು, ಪತ್ರಿಕೆ ಹೋಗುವ ಎಲ್ಲ ಸಭೆಗಳಿಗೂ ಫೋನು ಮಾಡಿ ಎಂದೆ. ಏನು ಕಾರಣ ಹೇಳಲಿ ಎಂದರು. ರಾಜಶ್ರೀ ಪುಸ್ತಕ ಓದಿರಲಿಲ್ಲ ಎನ್ನಿ ಎಂದೆ. ಅಲ್ಲಿ ಯಾರಾದರೂ ಆಗಲೇ ಗುಳಿಗೆ ಬಿಟ್ಟು ಐದನೇ ದಿನ ಎಣಿಸುತ್ತಿರಬಹುದು ಎಂದೂ ಹೇಳಿದೆ.

ಒಳಗೆ ಬಂದೆ. ಬಟ್ಟೆಯ ಜೊತೆ ಗುತ್ತೆವ್ವ ಚೀಲದಲ್ಲಿ ದೊಡ್ಡವ್ವನ ಆ ನೀಲಿ ಪುಸ್ತಕವನ್ನೂ ಹಾಕಿದ್ದಳು. ಮೂರನೇ ತರಗತಿಗೆ ಶಾಲೆ ಬಿಟ್ಟವಳು ಆಕೆ. ಸಾಲಿನ ಕೆಳಗೆ ಬೆರಳಿಟ್ಟು ಎರಡು ತಿಂಗಳು ಓದಿದ್ದಳಂತೆ. ಓದಿ ಮುಗಿಸಿದ ಪ್ರತಿ ಪುಟದ ಮೂಲೆಯಲ್ಲೂ ಪೆನ್ಸಿಲಿನ ಗೆರೆ ಇತ್ತು, ಒಂದು ಪುಟವೂ ಬಿಟ್ಟಿರಲಿಲ್ಲ.

ಒಂಬತ್ತನೇ ಅಧ್ಯಾಯದ ಅಂಚಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದಳು: "ಬೈಬಲ್ಲಿನ ಸುವಾರ್ತೆ ಬರದವರೊಳಗ ಒಬ್ಬಾಂವ ವೈದ್ಯ ಇದ್ದನಲ್ಲಾ? ಇದು ಬರೋಬ್ಬರಿ ಅನ್ನಿಸವಲ್ದು."

ಅದರ ಕೆಳಗೆ, ಆಮೇಲೆ ಬರೆದದ್ದು: "ರಾಜಿ ಓದ್ಯಾಳ. ನಂದ ತಪ್ಪಿರಬೇಕು."